ಗಂಗವ್ವನ ಕುತ್ತಿಗೆ ಉದ್ದವಾದ ಪ್ರಕರಣ

ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ: ಈ ಪ್ರಕರಣದ ಪರಿಣಾಮವನ್ನು ಅನುಭವಿಸಿದವರು ಗಂಗವ್ವ. ನಾನಲ್ಲ, ನಮ್ಮ ಸಮಿತಿಯೂ ಅಲ್ಲ, ಜಮಖಂಡಿಯಿಂದ ಬಂದು ಭಾಷಣ ಮಾಡಿ ಊಟ ಮುಗಿಸಿ ಹೋದ ಅತಿಥಿಗಳಂತೂ ಅಲ್ಲವೇ ಅಲ್ಲ. ಬನಹಟ್ಟಿಯ ಮಗ್ಗಗಳಿಗೆ ಜೀವಮಾನವಿಡೀ ನೂಲಿನ ಕಂಡಿಕೆ ಸುತ್ತಿಕೊಟ್ಟ, ಎಂಬತ್ತು ದಾಟಿದ, ಯಾರಿಗೂ ಏನನ್ನೂ ಕೇಳದ ಒಬ್ಬ ಹೆಣ್ಣುಮಗಳು ಜೀವನದಲ್ಲಿ ಒಂದೇ ಒಂದು ಸಲ ಒಂದೇ ಒಂದು ಮಾತು ಕೇಳಿದಳು. ಅದನ್ನು ನಡೆಸಿಕೊಡುವ ಹೊಣೆ ನಾನು ಹೊತ್ತೆ. ಅಲ್ಲಿಗೆ ಆಕೆಯ ಕಥೆ ಮುಗಿಯಿತು!

ನಾನು ಮೂರು ದಶಕ ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಕಲಿಸಿ ನಿವೃತ್ತನಾದವನು. ಅನ್ಯಾಯ ಕಂಡಲ್ಲಿ ಮನವಿ ಬರೆಯುವುದು ನನ್ನ ಸ್ವಭಾವ. ಕಾಣದಿದ್ದಲ್ಲಿ ಹುಡುಕಿ ಬರೆಯುತ್ತೇನೆ. ಬಸ್ ನಿಲ್ದಾಣದ ನೆರಳಿನ ಬಗ್ಗೆ, ಗ್ರಂಥಾಲಯದ ಬೀಗದ ಬಗ್ಗೆ, ರಬಕವಿಯ ಒಂದು ಫಲಕದಲ್ಲಿ ನೇಕಾರನ ಚಿತ್ರವಿದ್ದು ನೇಕಾರಳ ಚಿತ್ರವಿಲ್ಲದಿರುವ ಬಗ್ಗೆ, ಹೀಗೆ ನನ್ನ ಮನವಿಗಳು ಸುತ್ತಲಿನ ನಾಲ್ಕೂ ತಾಲೂಕುಗಳ ಕಚೇರಿಗಳಲ್ಲಿ ಸುರಕ್ಷಿತವಾಗಿ ಮಲಗಿವೆ.

ಇಂಥ ನನ್ನ ಕೈಗೆ ಕಳೆದ ವರ್ಷ ಯುರೋಪಿನ ಚಿತ್ರಕಲೆ ಸಿಕ್ಕಿತು. ಮೊಬೈಲಿನಲ್ಲಿ ಒಂದು ಉಪನ್ಯಾಸಮಾಲೆ. ಮೊದಲ ದಿನವೇ ನಾನು ಕುರ್ಚಿಯ ತುದಿಗೆ ಬಂದು ಕೂತೆ. ಏನು ಕಾಲವದು! ರಿನೈಸಾನ್ಸ್, ಅಂದರೆ ಪುನರುಜ್ಜೀವನ ಕಾಲದ ಆ ಚಿತ್ರಕಾರರು ಮನುಷ್ಯನನ್ನು ಮನುಷ್ಯನಷ್ಟೇ ಅಳತೆಯಲ್ಲಿ ಬರೆದರು. ತಲೆ ಇಷ್ಟು, ದೇಹ ಅದರ ಇಷ್ಟು ಪಟ್ಟು, ದೂರದ್ದು ಸಣ್ಣದು, ಹತ್ತಿರದ್ದು ದೊಡ್ಡದು. ಅದು ಚಿತ್ರಕಲೆಯಲ್ಲ, ಪ್ರಜಾಪ್ರಭುತ್ವ ಎಂದು ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಐದನೆಯ ಉಪನ್ಯಾಸದಲ್ಲಿ ಆಘಾತ ಕಾದಿತ್ತು. ಅದರ ಹೆಸರು ಮ್ಯಾನರಿಸಂ. ಹಿರಿಯರು ಎಲ್ಲವನ್ನೂ ಸರಿಯಾದ ಅಳತೆಯಲ್ಲಿ ಬರೆದು ಮುಗಿಸಿದ ಮೇಲೆ ಬಂದ ಪೀಳಿಗೆ, ಸರಿ ಇದ್ದದ್ದನ್ನು ಬೇಕೆಂದೇ ಎಳೆಯಿತು, ತಿರುಚಿತು. ಕುತ್ತಿಗೆ ಕೊಕ್ಕರೆಯದು, ಬೆರಳು ನುಗ್ಗೆಕಾಯಿ, ಸೊಂಟ ಹಿಂಡಿದ ಒದ್ದೆ ಬಟ್ಟೆ, ಬಣ್ಣ ಜ್ವರ ಬಂದವರದು! ಅರಮನೆಯವರ ನಾಜೂಕಿನ ಅಭಿರುಚಿಗಾಗಿ ಹೀಗೆ ಬರೆದರು ಎಂದು ಉಪನ್ಯಾಸಕರು ಹೇಳಿದ್ದೇ ತಡ, ನನಗೆ ಅನ್ಯಾಯ ಕಂಡಿತು. ನಾಲ್ಕೈದು ಶತಮಾನ ಹಳೆಯ ಅನ್ಯಾಯವಾದರೇನು? ಅವಧಿ ಮೀರಿದ ಮನವಿಗಳನ್ನು ಬರೆದು ನನಗೆ ಅಭ್ಯಾಸವಿದೆ.

ಉದ್ದ ಕುತ್ತಿಗೆಯ ಒಬ್ಬ ತಾಯಿಯ ಚಿತ್ರವನ್ನು ನನ್ನ ಹೆಂಡತಿ ಸರೋಜಾಳಿಗೆ ತೋರಿಸಿ, ಹೆಣ್ಣಿನ ದೇಹಕ್ಕೆ ನಡೆದ ಈ ಹಿಂಸೆಯನ್ನು ನೋಡು ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈ ಹಿಂದಿಟ್ಟುಕೊಂಡು ಬಗ್ಗಿ ನೋಡಿದಳು.

"ಚೆಂದ ಅದಾಳ ಬಿಡ್ರಿ. ಇಷ್ಟುದ್ದ ಕುತ್ತಿಗಿಗೆ ಸರ ಭಾಳ ಒಪ್ತೈತಿ."

ಜಾಗೃತಿಯ ಕೊರತೆ ಮನೆಯಿಂದಲೇ ಶುರುವಾಗುತ್ತದೆ ಎಂದು ನಾನು ಟಿಪ್ಪಣಿ ಮಾಡಿಕೊಂಡೆ.

ಇದೇ ಹೊತ್ತಿಗೆ ಊರಿನಲ್ಲಿ 'ನೇಕಾರ ಮಹಿಳಾ ಗೌರವ ಸಮಿತಿ' ಹುಟ್ಟಿತು. ಹುಟ್ಟಿಸಿದವನು ನಾನೇ. ನೂಲಿನ ಅಂಗಡಿಯ ಮಲ್ಲಪ್ಪನವರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಬಟ್ಟೆಯ ಮೇಲೆ ನವಿಲಿನ ಚಿತ್ರ ಬರುತ್ತದೆ, ಆನೆಯ ಚಿತ್ರ ಬರುತ್ತದೆ, ಅದರ ನೂಲು ಸುತ್ತಿದ ಹೆಣ್ಣುಮಗಳ ಚಿತ್ರ ಮಾತ್ರ ಎಂದೂ ಬರುವುದಿಲ್ಲ. ಈ ಅನ್ಯಾಯವನ್ನು ಸರಿಪಡಿಸಲು ಒಬ್ಬ ಹಿರಿಯಳನ್ನು ಆರಿಸಿ, ಆಕೆಯ ಮುಖವನ್ನೇ ಶಾಲಿನಲ್ಲಿ ನೇಯಿಸಿ, ಅದನ್ನೇ ಹೊದಿಸಿ ಸನ್ಮಾನಿಸುವುದೆಂದು ಠರಾವು ಪಾಸು ಮಾಡಿದೆವು. ಎಲ್ಲರೂ ಒಮ್ಮತದಿಂದ ಆರಿಸಿದ್ದು ಗಂಗವ್ವನನ್ನು. ಆಕೆ ಸರೋಜಾಳ ಸೋದರತ್ತೆ.

ಸುದ್ದಿ ಹೇಳಲು ಹೋದಾಗ ಗಂಗವ್ವ ರಾಟೆಯ ಮುಂದೆ ಕೂತಿದ್ದಳು. ಸನ್ಮಾನ, ಸಮಿತಿ, ಅತಿಥಿಗಳು, ಯಾವುದೂ ಆಕೆಯ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಶಾಲಿನ ಮೇಲೆ ಮುಖ ಬರುತ್ತದೆ ಎಂದಾಗ ಮಾತ್ರ ರಾಟೆ ನಿಂತಿತು. ಆಕೆಯ ತಂಗಿ ಶಿವವ್ವ ಅನಗವಾಡಿಯಲ್ಲಿದ್ದಾಳೆ. ಕಾಲು ಹೋಗಿ ಹಾಸಿಗೆ ಹಿಡಿದು ಬಹಳ ದಿನವಾಗಿದೆ. ಅಕ್ಕನನ್ನು ನೋಡಬೇಕೆಂದು ಹೇಳಿ ಕಳಿಸುತ್ತಲೇ ಇರುತ್ತಾಳೆ. ಗಂಗವ್ವನಿಗೂ ಈಗ ಪದೇ ಪದೇ ಬಸ್ಸು ಹತ್ತಿ ಹೋಗಲಾಗದು. ಇರುವುದೊಂದೇ ಫೋಟೊ, ಗುರುತಿನ ಕಾರ್ಡಿನದು. ಅದರಲ್ಲಿ ಆಕೆ ಪೊಲೀಸರನ್ನು ಕಂಡವಳಂತೆ ಇದ್ದಾಳೆ.

"ಅಳಿಯಂದ್ರ, ಶಾಲು ನಾ ಹೊತಗೊಳ್ಳಾಂಗಿಲ್ಲ. ಅಮವಾಸಿಗೆ ಹೋಗಿ ಶಿವಿಗೆ ಕೊಟ್ಟು ಬರ್ತೇನಿ, ಗ್ವಾಡಿಗೆ ಹಾಕ್ಕೊಳ್ಳಲಿ. ನಾ ಹೆಂಗ ಅದೇನಿ ಹಂಗ ಬರಬೇಕ ನೋಡಪಾ. ಕಾರ್ಡಿನಾಗಿಂದು ನನ್ನ ಮಾರಿ ಅಲ್ಲ."

ಆಕೆ ಕೇಳಿದ್ದು ಇಷ್ಟೇ. ಇದ್ದದ್ದನ್ನು ಇದ್ದಂತೆ ಬರೆಯಿರಿ ಎಂಬುದು! ರಿನೈಸಾನ್ಸ್ ನನ್ನ ಎದುರಿಗೇ ಕಂಡಿಕೆ ಸುತ್ತುತ್ತ ಕೂತಿದೆ ಎಂದು ನನಗೆ ರೋಮಾಂಚನವಾಯಿತು. ಕೂದಲೆಳೆಯಷ್ಟೂ ವ್ಯತ್ಯಾಸವಾಗದು ಎಂದು ಮಾತು ಕೊಟ್ಟೆ.

ನೇಯುವ ಕೆಲಸವನ್ನು ರಬಕವಿಯ ಈರಪ್ಪನಿಗೆ ವಹಿಸಿದೆವು. ಗ್ರಾಫ್ ಹಾಳೆಯ ಮೇಲೆ ಡಿಜೈನ್ ತೆಗೆಯುವುದು, ಅದನ್ನು ನೋಡಿ, ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ಹೇಳುವ ಜಕಾರ್ಡಿನ ಕಾರ್ಡುಗಳಿಗೆ ತೂತು ಹೊಡೆಯುವುದು, ಮನೆಯ ಕೈಮಗ್ಗದಲ್ಲಿ ನೇಯುವುದು, ಮೂರನ್ನೂ ತಾನೇ ಮಾಡುವ ಹಳೆಯ ಕಸುಬುದಾರ. ವಾರದ ನಂತರ ಅವನು ತೆಗೆದ ಡಿಜೈನನ್ನು ನೋಡಲು ಹೋದೆ. ನೋಡಿದವನ ರಕ್ತ ಕುದಿಯಿತು.

ಹಾಳೆಯ ಮೇಲಿದ್ದದ್ದು ಗಂಗವ್ವನೇ? ಯಾರೋ ತಲೆಯ ಮೇಲೆ ಕೂತು ಒತ್ತಿದಂತೆ ಕುಗ್ಗಿದ ಒಬ್ಬಳು! ಕುತ್ತಿಗೆಯೇ ಇಲ್ಲ. ಮುಖ ಅಗಲವಾದ ಬುಟ್ಟಿ. ರಾಟೆಯ ಚಕ್ರ ಮಲಗಿಸಿದ ಸೌತೆಕಾಯಿ. ದುಡಿಯುವ ಹೆಣ್ಣನ್ನು ಕುಬ್ಜಳನ್ನಾಗಿ ಚಿತ್ರಿಸುವ ಈ ಮನೋಭಾವದ ಮೂಲ ಎಲ್ಲಿದೆ ಎಂದು ನಾನು ಅಲ್ಲೇ, ಮಗ್ಗದ ಪಕ್ಕದಲ್ಲೇ, ಅರ್ಧ ಗಂಟೆ ವಿವರಿಸಿದೆ. ರಿನೈಸಾನ್ಸಿನ ತವರಾದ ಫ್ಲಾರೆನ್ಸಿನಿಂದ ಆರಂಭಿಸಿ ಮ್ಯಾನರಿಸಂಗೆ ಬಂದೆ. ಎಳೆದರೂ ಅಪಮಾನ, ಒತ್ತಿದರೂ ಅಪಮಾನ ಎಂದು ಮುಗಿಸಿದೆ. ಈರಪ್ಪ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದ.

"ಸರ, ಹಾಳಿ ಮ್ಯಾಲಿಂದು ಬ್ಯಾರೆ, ಬಟ್ಟಿ ಮ್ಯಾಲಿಂದು ಬ್ಯಾರೆರಿ. ಹಾಳ್ಯಾಗ ಗಿಡ್ಡ ತಗದ್ರನ ಬಟ್ಟ್ಯಾಗ ಸಮಾ ಬರ್ತೈತಿ."

ತಪ್ಪನ್ನು ಮುಚ್ಚಿಕೊಳ್ಳಲು ತಾಂತ್ರಿಕ ಕಾರಣ ಕೊಡುವವರನ್ನು ನಾನು ಸರ್ಕಾರಿ ಕಚೇರಿಗಳಲ್ಲಿ ಸಾಕಷ್ಟು ನೋಡಿದ್ದೇನೆ. ಸುಳ್ಳು ಬರೆದರೆ ಸತ್ಯ ಬರುತ್ತದೆಯೇ ಎಂದು ಕೇಳಿದೆ. ಈರಪ್ಪ ಹಾಳೆಯನ್ನು ಸುತ್ತಿ ಮೂಲೆಗಿಟ್ಟ. ಇದನ್ನು ನನ್ನ ಗೆಲುವೆಂದು ಭಾವಿಸಿದೆ.

ಡಿಜೈನನ್ನು ನಾನೇ ತೆಗೆಯುತ್ತೇನೆ ಎಂದು ಘೋಷಿಸಿದೆ. ನಗಬೇಡಿ. ಆ ಕಾಲದ ಚಿತ್ರಕಾರರು ಚೌಕಗಳ ಜಾಲ ಹಾಕಿ ಒಂದೊಂದೇ ಚೌಕವನ್ನು ನಕಲು ಮಾಡುತ್ತಿದ್ದುದನ್ನು ಮೂರನೆಯ ಉಪನ್ಯಾಸದಲ್ಲಿ ಕಲಿತಿದ್ದೆ. ಗಂಗವ್ವ ರಾಟೆ ತಿರುವುತ್ತ ನಗುತ್ತಿದ್ದ ಒಂದು ಫೋಟೊವನ್ನು ಸರೋಜಾ ಮೊಬೈಲಿನಲ್ಲಿ ತೆಗೆದುಕೊಟ್ಟಳು. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಚೌಕ ಎಳೆದು, ಹನ್ನೊಂದು ದಿನ ಕೂತು ಗ್ರಾಫ್ ಹಾಳೆಯ ಮೇಲೆ ತುಂಬಿಸಿದೆ. ಬೆನ್ನು ಬಿಲ್ಲಾಯಿತು, ಕನ್ನಡಕದ ನಂಬರು ಬದಲಾಯಿತು. ಆದರೆ ಹನ್ನೊಂದನೆಯ ದಿನ ಹಾಳೆಯಿಂದ ಗಂಗವ್ವ ನನ್ನನ್ನು ನೋಡಿ ನಕ್ಕಳು! ಎಡಗೆನ್ನೆಯ ಸುಕ್ಕಿನ ಸಮೇತ! ಸುಲಭವಾಗಿ ಒಪ್ಪದ ಸರೋಜಾ ಕೂಡ ಹಾಳೆಯನ್ನು ಬೆಳಕಿಗೆ ಹಿಡಿದು, ಖರೇನ ಅತ್ತಿ ಕಂಡಂಗ ಆತು ನೋಡ್ರಿ, ಎಂದಳು. ಆ ದಿನ ನಾನು ಊಟ ಮಾಡಲೇ ಇಲ್ಲ. ಹಸಿವೇ ಇರಲಿಲ್ಲ.

ಹಾಳೆ ನೋಡಿದ ಈರಪ್ಪ ಮೇಲಿನಿಂದ ಕೆಳಗೆ ಚೌಕಗಳನ್ನು ಎಣಿಸಿದ. ಚಿತ್ರ ಚೆನ್ನಾಗಿದೆ ಎಂದ. ಕಾರ್ಡು ಎರಡು ಪಟ್ಟು ಬೀಳುತ್ತವೆ ಎಂದ. ನ್ಯಾಯಕ್ಕೆ ಶ್ರಮ ಹೆಚ್ಚೇ ಬೇಕು ಎಂದೆ. ಆಗ ಅವನು ಒಂದು ಷರತ್ತು ಹಾಕಿದ.

"ಹಿಂಗ ಹಾಕು ಅಂತ ಸಮಿತಿಯಿಂದ ಬರದು ಕೊಡ್ರಿ ಸರ. ನಾಳೆ ಈರ್ಯಾ ಕೆಡಿಸಿದ ಅನ್ನಬಾರದು."

ಬರೆದು ಕೊಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಅದೇ ಸಂಜೆ ಸಭೆ ಸೇರಿ ಠರಾವು ಪಾಸಾಯಿತು: 'ಸಮಿತಿ ಒದಗಿಸಿದ ಚಿತ್ರದ ಒಂದು ಚೌಕವನ್ನೂ ಸದರಿ ಈರಪ್ಪನವರು ಬದಲಿಸತಕ್ಕದ್ದಲ್ಲ. ಮುಂದೆ ಈ ಸಮಿತಿಗಾಗಿ ನೇಯುವ ಯಾವ ವ್ಯಕ್ತಿಯ ಆಕೃತಿಯನ್ನೂ ಗಿಡ್ಡವಾಗಿ ತೆಗೆಯತಕ್ಕದ್ದಲ್ಲ.' ಎರಡನೆಯ ವಾಕ್ಯ ನನ್ನ ವಿಶೇಷ ಕೊಡುಗೆ.

ಮಗ್ಗ ಶುರುವಾಯಿತು. ನಾನು ಮನೆಯಲ್ಲಿ ಕೂತು ಸಮಾರಂಭದಲ್ಲಿ ಹಂಚಲು 'ಉದ್ದ ಕುತ್ತಿಗೆಗಳ ವಿರುದ್ಧ' ಎಂಬ ಕರಪತ್ರ ಬರೆಯತೊಡಗಿದೆ. ಮಗ್ಗದಲ್ಲಿ ಬಟ್ಟೆ ಮಗುಚಿಕೊಂಡು, ಅಂದರೆ ಚಿತ್ರದ ಮಗ್ಗುಲು ನೆಲದ ಕಡೆಗಿದ್ದು ಬೆಳೆಯುತ್ತದೆ, ನೇಯ್ದಷ್ಟೂ ಸುತ್ತಿಕೊಳ್ಳುತ್ತ ಹೋಗುತ್ತದೆ. ಇಡೀ ಚಿತ್ರ ಕಾಣುವುದು ಕತ್ತರಿಸಿ ಬಿಚ್ಚಿದಾಗಲೇ. ಮೂರನೆಯ ದಿನ ಈರಪ್ಪ ಫೋನು ಮಾಡಿದ. ಅಡಿಯಿಂದ ಕನ್ನಡಿ ಹಿಡಿದು ನೋಡಿದ್ದನಂತೆ.

"ಸರ, ರಾಟಿ ಚಕ್ರ ತತ್ತಿ ಆಗೈತ್ರಿ."

ನಾನು ಗಾಬರಿಯಾಗಲಿಲ್ಲ. ಚಕ್ರವನ್ನು ಓರೆಯಿಂದ ನೋಡಿದರೆ ಮೊಟ್ಟೆಯಾಗಿಯೇ ಕಾಣುತ್ತದೆ, ಇದನ್ನೇ ದೃಷ್ಟಿಕೋನದ ನಿಯಮ ಎನ್ನುತ್ತಾರೆ, ನೀನು ಕನ್ನಡಿಯನ್ನು ಓರೆಯಾಗಿ ಹಿಡಿದಿದ್ದೀಯ ಎಂದು ವಿವರಿಸಿದೆ. ಹೂಂ ಎಂದ. ಐದನೆಯ ದಿನ ಮತ್ತೆ ಫೋನು.

"ಕುತ್ತಿಗಿ ಬರಾಕತ್ತೈತ್ರಿ."

ಬರಲಿ, ಸಂತೋಷ ಎಂದೆ. ಊಟವಾದ ಮೇಲೆ ಮತ್ತೆ ಫೋನು.

"ಕುತ್ತಿಗಿ ಇನ್ನೂ ಬರಾಕತ್ತೈತಿ."

ನಾನು ಆಗ ಕರಪತ್ರದ ಕೊನೆಯ ಪ್ಯಾರಾದಲ್ಲಿದ್ದೆ. ಮನುಷ್ಯಳ ಕುತ್ತಿಗೆಗೆ ಅದರದೇ ಆದ ಘನತೆಯ ಮಿತಿ ಇದೆ ಎಂಬ ವಾಕ್ಯ ತುಂಬಾ ಚೆನ್ನಾಗಿ ಮೂಡಿಬರುತ್ತಿತ್ತು. ಠರಾವಿನ ಪ್ರಕಾರ ಮುಂದುವರಿಸು ಎಂದು ಹೇಳಿ ಫೋನಿಟ್ಟೆ. ಆ ಮೇಲೆ ಅವನು ಫೋನು ಮಾಡಲಿಲ್ಲ.

ಸಮಾರಂಭದ ದಿನ ಬನಹಟ್ಟಿಯ ಸಭಾಭವನ ತುಂಬಿತ್ತು. ಗಂಗವ್ವ ಹೊಸ ಇಳಕಲ್ ಸೀರೆಯುಟ್ಟು ಮೊದಲ ಸಾಲಿನಲ್ಲಿ ಸರೋಜಾಳ ಕೈ ಹಿಡಿದು ಕೂತಿದ್ದಳು. ವೇದಿಕೆಯಲ್ಲಿ ಜಮಖಂಡಿಯ ನಿವೃತ್ತ ಚಿತ್ರಕಲಾ ಉಪನ್ಯಾಸಕರೊಬ್ಬರು ಅತಿಥಿಗಳು. ಎಲ್ಲರ ಕೈಯಲ್ಲೂ ನನ್ನ ಕರಪತ್ರ. ಈರಪ್ಪ ಅಂದು ಮುಂಜಾನೆಯೇ ಶಾಲನ್ನು ಕತ್ತರಿಸಿ, ಮಡಚಿ, ಡಬ್ಬಿಯಲ್ಲಿಟ್ಟು ತಂದಿದ್ದ. ಬಿಚ್ಚಿ ನೋಡಿದ್ದೀಯಾ ಎಂದು ಕೇಳಿದೆ. ನೋಡಿದ್ದೇನೆ ಎಂದ. ಹೇಗಿದೆ ಎಂದು ಕೇಳಿದೆ. ಠರಾವಿನ ಪ್ರಕಾರ ಇದೆ ಎಂದ.

ಮಲ್ಲಪ್ಪನವರು ಒಂದು ತುದಿ, ನಾನು ಒಂದು ತುದಿ ಹಿಡಿದು ಶಾಲನ್ನು ಮೇಲಿನಿಂದ ಬಿಚ್ಚುತ್ತ ಬಂದೆವು. ಮೊದಲು ಸೆರಗು ಹೊದ್ದ ತಲೆ ಬಂತು. ಹಣೆ ಬಂತು. ಇನ್ನೂ ಹಣೆ ಬಂತು. ಮೂಗು ಹೊರಟಿತು, ಜಮಖಂಡಿಯ ದಾರಿಯಂತೆ ಹೊರಟೇ ಇತ್ತು. ಆ ಮೇಲೆ ಗದ್ದ. ಆ ಮೇಲೆ ಕುತ್ತಿಗೆ. ಮಲ್ಲಪ್ಪನವರು ಕುರ್ಚಿ ಹತ್ತಿದರು. ಕುತ್ತಿಗೆ ಮುಗಿಯಲಿಲ್ಲ. ನಾನೂ ಕುರ್ಚಿ ಹತ್ತಿದೆ. ಇಡೀ ಸಭೆಯ ಕೈಯಲ್ಲಿ ಉದ್ದ ಕುತ್ತಿಗೆಗಳ ವಿರುದ್ಧ ಕರಪತ್ರ, ಅದರ ಲೇಖಕನ ಕೈಯಲ್ಲಿ ನಾಲ್ಕು ತಾಲೂಕಿನಲ್ಲೇ ಅತಿ ಉದ್ದದ ಕುತ್ತಿಗೆ!

ಹಿಂದಿನ ಸಾಲಿನಿಂದ ಯಾರೋ, ಮುಧೋಳ ನಾಯಿ ಮಾರಿ ಆಗೈತಲೇ, ಎಂದರು. ಭವನವೇ ನಕ್ಕಿತು. ಗಂಗವ್ವ ಏನಾಯಿತೆಂದು ಹಿಂದೆ ತಿರುಗಿ ನೋಡಿ, ಎಲ್ಲರೂ ನಗುತ್ತಿದ್ದಾರೆಂದು ತಾನೂ ನಕ್ಕಳು. ಮತ್ತೆ ಶಾಲಿನ ಕಡೆ ತಿರುಗಿದಳು. ಆಕೆಯ ನಗು ನಿಂತಿತು.

"ಸರೂ, ಇಕಿ ಯಾರವಾ?"

ಕುರ್ಚಿಯ ಮೇಲೆ ನಿಂತಿದ್ದ ನನಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು.

ಅಷ್ಟರಲ್ಲಿ ಅತಿಥಿಗಳು ಎದ್ದರು. ಅವರ ಕಣ್ಣು ಹೊಳೆಯುತ್ತಿತ್ತು. ಇದು ಅಚ್ಚ ಮ್ಯಾನರಿಸಂ ಎಂದರು! ರಿನೈಸಾನ್ಸಿನ ಅಳತೆಯನ್ನು ಅರಗಿಸಿಕೊಂಡವರು ಮಾತ್ರ ಇಷ್ಟು ಧೈರ್ಯದಿಂದ ಅದನ್ನು ಮೀರಬಲ್ಲರು, ಕರಪತ್ರ ಬರೆದು ನಂಬಿಸಿ ಬಟ್ಟೆಯಲ್ಲಿ ಅದನ್ನೇ ಉಲ್ಟಾ ಹೊಡೆದ ಈ ವ್ಯಂಗ್ಯವಂತೂ ಅಪೂರ್ವ ಎಂದು ನನ್ನ ಬೆನ್ನು ತಟ್ಟಿದರು. ನಕ್ಕಿದ್ದ ಸಭೆ ಈಗ ಚಪ್ಪಾಳೆ ತಟ್ಟಿತು. ಮಲ್ಲಪ್ಪನವರು ಕುರ್ಚಿಯಿಂದಲೇ ನಾಲ್ಕೂ ದಿಕ್ಕಿಗೆ ಕೈ ಮುಗಿದರು. ಗಂಗವ್ವ ಶಾಲು ಹೊದಿಸಿಕೊಂಡಳು. ಫೋಟೊಗೆ ನಿಂತಳು. ಎಲ್ಲ ಮುಗಿದ ಮೇಲೆ ಅದನ್ನು ಚೊಕ್ಕವಾಗಿ ಮಡಚಿ ಮೇಜಿನ ಮೇಲೆ ಇಟ್ಟು, ಅನಗವಾಡಿಗೆ ಗುರುತಿನ ಕಾರ್ಡನ್ನೇ ಒಯ್ದರಾಯಿತು ಎಂದು ಸರೋಜಾಳಿಗೆ ಹೇಳಿ ಮನೆಗೆ ಹೋದಳು.

ಮರುದಿನ ನಾನು ಈರಪ್ಪನ ಮನೆಗೆ ಹೋದೆ. ಜಗಳವಾಡುವ ಹಕ್ಕು ನನಗಿರಲಿಲ್ಲ. ಆದರೂ ಹೋಗುವಾಗ ಸ್ವಲ್ಪ ಸಿದ್ಧತೆ ಮಾಡಿಕೊಂಡಿದ್ದೆ. ಅವನು ತನ್ನ ತಂದೆಯ ಕಾಲದ ಒಂದು ಗ್ರಾಫ್ ಹಾಳೆ ತೆಗೆದು ಹಾಸಿದ. ಅದರಲ್ಲೊಂದು ಬೊಜ್ಜು ಬಂದ ಕೋಳಿಯಿತ್ತು. ಪಕ್ಕದಲ್ಲಿ ಅದೇ ಡಿಜೈನಿನ ಬಟ್ಟೆ ಹಾಸಿದ. ಅದರಲ್ಲಿ ನವಿಲು ಕುಣಿಯುತ್ತಿತ್ತು!

"ಒಂದ ಚೌಕ ಅಂದ್ರ ಹಾಸಿಂದು ಒಂದ ಎಳಿ, ಹೊಕ್ಕಿಂದು ಒಂದ ಎಳಿ. ಹಾಸಿನ ನೂಲು ಸಣ್ಣದು, ಹೊಕ್ಕಿಂದು ದಪ್ಪ. ಚೌಕ ಬಟ್ಟ್ಯಾಗ ಬಂದಾಗ ಎದ್ದು ನಿಂದರತೈತ್ರಿ. ಅದಕ ಹಾಳ್ಯಾಗ ಮೊದಲ ಕುಂಡ್ರಸಬೇಕು. ಹೇಳಿದ್ನಲ್ಲರಿ."

ಹೇಳಿದ್ದ. ಉದ್ದಕ್ಕೆ ಹಾಸಿದ ಸಣ್ಣ ಎಳೆಗಳು ಪಕ್ಕಪಕ್ಕದಲ್ಲಿ ಒತ್ತೊತ್ತಾಗಿ ಕೂರುತ್ತವೆ, ಅಡ್ಡ ಹೊಕ್ಕುವ ದಪ್ಪ ಎಳೆಗಳು ಒಂದರ ಮೇಲೊಂದು ಏರುತ್ತವೆ, ಆಕೃತಿ ತಾನಾಗಿಯೇ ಎರಡು ಪಟ್ಟು ಎತ್ತರವಾಗುತ್ತದೆ. ಹನ್ನೊಂದು ದಿನ ನಾನು ಸಾವಿರಾರು ಚೌಕ ತುಂಬಿದ್ದೆ. ಒಂದು ಎಳೆಯನ್ನೂ ಬೆರಳಲ್ಲಿ ಹಿಡಿದು ನೋಡಿರಲಿಲ್ಲ.

ಆ ನವಿಲಿನ ಮುಂದೆ ಕೂತಾಗ ನನಗೆ ಇನ್ನೊಂದು ವಿಷಯ ಹೊಳೆದು ಕಿವಿ ಬಿಸಿಯಾಯಿತು. ದೂರದ ಕಂಬವನ್ನು ಹಲಗೆಯ ಮೇಲೆ ಬೇಕೆಂದೇ ಗಿಡ್ಡ ಬರೆದು, ನೋಡುವವನ ಕಣ್ಣಿಗೆ ಅದನ್ನು ಸಮನಾಗಿ ಕಾಣಿಸುವುದೇ ರಿನೈಸಾನ್ಸಿನ ಮಹಾ ಶೋಧ ಅಲ್ಲವೇ? ಹಾಳೆಯಲ್ಲಿ ಸುಳ್ಳು, ಕಣ್ಣಿಗೆ ಸತ್ಯ. ಅದನ್ನೇ ಈರಪ್ಪ ಮಾಡಿದ್ದ. ಫ್ಲಾರೆನ್ಸು ರಬಕವಿಯ ಆ ಪಡಸಾಲೆಯಲ್ಲಿತ್ತು, ನಾನು ಅದಕ್ಕೆ ಫ್ಲಾರೆನ್ಸಿನ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿ ಬಂದಿದ್ದೆ! ಮ್ಯಾನರಿಸಂನವರ ಬಗ್ಗೆಯೂ ನಾನು ಅನ್ಯಾಯವಾಗಿ ಬರೆದೆ. ಅವರು ಅಳತೆ ಗೊತ್ತಿದ್ದು ಎಳೆದರು. ಹಿರಿಯರು ಕಲಿಸಿದ ಅಳತೆ ಕೈಯಲ್ಲಿ ಇದ್ದುದರಿಂದಲೇ ಎಷ್ಟು ಎಳೆದರೆ ಬೆಡಗು, ಎಷ್ಟು ಎಳೆದರೆ ಭಂಗ ಎಂಬುದು ಅವರಿಗೆ ತಿಳಿದಿತ್ತು. ಗೊತ್ತಿಲ್ಲದೆ ಎಳೆದವನು ಚರಿತ್ರೆಯಲ್ಲಿ ನಾನೊಬ್ಬನೇ.

ಹಾಗಾದರೆ ನಿನ್ನ ಮೊದಲಿನ ಡಿಜೈನಿನಲ್ಲೇ ಇನ್ನೊಂದು ನೇಯ್ದುಕೊಡು, ಅಮವಾಸ್ಯೆಗೆ ಬೇಕು ಎಂದು ಕೈ ಮುಗಿದೆ. ಎಂಟು ದಿನದ ಕೆಲಸ, ಗಂಗವ್ವನಿಗಾದರೆ ಖುಷಿಯಿಂದ ಮಾಡುತ್ತೇನೆ ಎಂದ. ಆದರೆ ಮಗ್ಗದ ಕಂಬದ ಕಡೆ ಕೈ ತೋರಿಸಿದ. ಅಲ್ಲಿ ನಮ್ಮ ಠರಾವು ಅಂಟಿಸಿತ್ತು. ಎರಡನೆಯ ವಾಕ್ಯದ ಕೆಳಗೆ ಕೆಂಪು ಗೆರೆ. ಅದನ್ನು ಬರೆದು ಕೊಟ್ಟವರೇ ಬರೆದು ತೆಗೆಯುವ ತನಕ ಗಿಡ್ಡ ತೆಗೆಯುವುದಿಲ್ಲ ಎಂದ. ನಾನು ವೈಯಕ್ತಿಕವಾಗಿ ಹೇಳುತ್ತಿದ್ದೇನೆ ಎಂದೆ. ನೀವು ಹೇಳಿದ್ದನ್ನು ಒಮ್ಮೆ ಕೇಳಿಯಾಗಿದೆ ಸರ, ಎಂದ.

ಸಮಿತಿಗೆ ಧಾವಿಸಿದೆ. ಮಲ್ಲಪ್ಪನವರು ಶಾಲಿಗೆ ಗಾಜಿನ ಚೌಕಟ್ಟು ಹಾಕಿಸಿ ಸಭಾಭವನದ ಗೋಡೆಗೆ ಏರಿಸಿದ್ದರು. ಜಮಖಂಡಿಯ ಪ್ರದರ್ಶನಕ್ಕೆ ಕರೆ ಬಂದಿದೆ, ಮುಂದೆ ತೇರದಾಳದಿಂದ ಒಬ್ಬಳನ್ನು, ಬೀಳಗಿಯಿಂದ ಒಬ್ಬಳನ್ನು ಆರಿಸಿ ಇದೇ ಪದ್ಧತಿಯಲ್ಲಿ ಎಳೆಯೋಣ ಎಂದರು. ಗಂಗವ್ವನಿಗೆ ತನ್ನ ಮುಖ ಸಿಗಲಿಲ್ಲ ಎಂದೆ. ಕಲೆಯಲ್ಲಿ ಅಷ್ಟು ನೋಡಬಾರದು, ನಿಮ್ಮ ಠರಾವೇ ನಮ್ಮನ್ನು ಇಲ್ಲಿಗೆ ತಂದದ್ದು ಎಂದರು.

ನಿಯಮದಂತೆ ಠರಾವು ರದ್ದತಿಯ ಮನವಿಯನ್ನು ಕಾರ್ಯದರ್ಶಿಗೆ ಸಲ್ಲಿಸಬೇಕು. ಕಾರ್ಯದರ್ಶಿ ನಾನೇ. ಸಲ್ಲಿಸಿದೆ. ಸ್ವೀಕರಿಸಿದೆ. ಪರಿಶೀಲಿಸುವುದಾಗಿ ಭರವಸೆಯನ್ನೂ ಕೊಟ್ಟೆ. ಜೀವನದಲ್ಲಿ ಮೊದಲ ಬಾರಿಗೆ ಮನವಿ ಕೊಟ್ಟವನ ಸಿಟ್ಟು ಮತ್ತು ಪಡೆದವನ ಬೇಸರ ಎರಡೂ ಒಂದೇ ಹೊಟ್ಟೆಯಲ್ಲಿ ಉರಿದವು. ಸೂಚಕರ ಜಾಗದಲ್ಲಿ ನನ್ನ ಸಹಿ ಬಿತ್ತು. ಅನುಮೋದಕರು ಬೇಕು. ಆರು ಸದಸ್ಯರ ಮನೆ ಬಾಗಿಲಿಗೆ ಹೋದೆ. ಆರು ಜನರೂ ಚಹಾ ಕೊಟ್ಟರು. ಸಹಿ ಕೊಡಲಿಲ್ಲ.

ಮನೆಗೆ ಬಂದಾಗ ಸರೋಜಾ ಆ ಹಾಳೆ ಇಸಿದುಕೊಂಡು ಓದಿ, ಪೆನ್ನು ಕೇಳಿದಳು. ನೀನು ಸಮಿತಿಯ ಸದಸ್ಯೆಯಲ್ಲ ಎಂದೆ.

"ನಿಮ್ಮ ಮಹಿಳಾ ಗೌರವ ಸಮಿತ್ಯಾಗ ಯಾವ ಮಹಿಳಾ ಅದಾಳ್ರಿ?"

ನನ್ನದೂ ಸೇರಿ ಎಂಟು ಹೆಸರುಗಳನ್ನೂ ಮನಸ್ಸಿನಲ್ಲೇ ಓದಿದೆ. ಮಲ್ಲಪ್ಪ, ಶಿವಪ್ಪ, ಚನ್ನಪ್ಪ... ನಿಯಮಾವಳಿ ಬರೆದವನು ನಾನು. ಫಲಕದಲ್ಲಿ ನೇಕಾರಳಿಲ್ಲ ಎಂದು ಮನವಿ ಬರೆದವನೂ ನಾನೇ. ಸರೋಜಾ ಪೆನ್ನನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಆದ್ದರಿಂದ ಸಮಿತಿಯ ಅಧ್ಯಕ್ಷರಿಗೆ, ಆರು ಸದಸ್ಯರಿಗೆ ಮತ್ತು ಮುಖ್ಯ ಆರೋಪಿಯಾದ ಕಾರ್ಯದರ್ಶಿಗೆ ಈ ಮೂಲಕ ಬಹಿರಂಗವಾಗಿ ಒತ್ತಾಯಿಸುವುದೇನೆಂದರೆ: ಅಮವಾಸ್ಯೆಗೆ ಇನ್ನು ಹತ್ತೇ ದಿನವಿದೆ. ನಾಳೆಯೇ ಸಭೆ ಕರೆದು, ಗಂಗವ್ವ ಮತ್ತು ಸರೋಜಾ ಇಬ್ಬರನ್ನೂ ಸದಸ್ಯರನ್ನಾಗಿ ಸೇರಿಸಿಕೊಂಡು, ಅವರ ಅನುಮೋದನೆಯೊಂದಿಗೆ ಸದರಿ ಠರಾವನ್ನು ರದ್ದುಪಡಿಸಿ, ರದ್ದತಿಯ ಪ್ರತಿಯನ್ನು ನಾಡಿದ್ದು ಮುಂಜಾನೆ ಮಗ್ಗ ಹೂಡುವುದರೊಳಗೆ ಈರಪ್ಪನವರ ಕೈಗೆ ಮುಟ್ಟಿಸತಕ್ಕದ್ದು. ಕಾರಣದ ಜಾಗದಲ್ಲಿ, ಕಾರ್ಯದರ್ಶಿಗೆ ಚೌಕ ಎಣಿಸಲು ಬರುತ್ತದೆ, ನೂಲು ಎಣಿಸಲು ಬರುವುದಿಲ್ಲ ಎಂದು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಮತ್ತು ಗಂಗವ್ವನ ಮುಖ ನೇಯುವ ಎಂಟೂ ದಿನ ಸದರಿ ಕಾರ್ಯದರ್ಶಿಯನ್ನು ಆ ಮನೆಯ ಹೊಸ್ತಿಲು ದಾಟಗೊಡತಕ್ಕದ್ದಲ್ಲ. ಹೊರಗೆ ಕೂತು ಬಂದವರ ಚಪ್ಪಲಿ ಕಾಯಲು ಅವನು ಲಿಖಿತವಾಗಿ ಒಪ್ಪಿದ್ದಾನೆ.